ಏಡಿಯ ಬೆನ್ನು ಕಾಯ್ದ ಕ್ರಿಮಿರಾಯರು

"ಸೋಮವಾರದವರೆಗೆ ಈ ಏಡಿಯ ಕೂದಲೂ ಕೊಂಕದ ಹಾಗೆ ಕಾಪಾಡ್ತೀನಿ!" ಎಂದು ಕ್ರಿಮಿರಾಯರು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು.

"ಏಡಿಗೆ ಕೂದಲೆಲ್ಲಿದೆ ರೀ?" ಎಂದಳು ಹೆಂಡತಿ. "ಅದಿರ್ಲಿ, ನಾವು ಸ್ನಾನ ಎಲ್ಲಿ ಮಾಡೋದು?"

ಕಡಲಜೀವಿಗಳ ರೋಗ ಪತ್ತೆ ಮಾಡುವ ಪ್ರಯೋಗಾಲಯದಲ್ಲಿ ರಾಯರ ಕೆಲಸ. ಹಗಲೆಲ್ಲ ಬ್ಯಾಕ್ಟೀರಿಯಾ ನೋಡುವವರಿಗೆ ಮನೆಮಂದಿ ಇಟ್ಟ ಬಿರುದೇ ಕ್ರಿಮಿರಾಯ. ಪ್ರಯೋಗಾಲಯದ ತೊಟ್ಟಿಯ ಪಂಪು ಕೆಟ್ಟದ್ದರಿಂದ ಏಡಿ, ಸಮುದ್ರದ ನೀರಿನ ಸಮೇತ, ಇವರ ಮನೆಯ ಟಬ್ಬಿಗೆ ಬಿಡಾರ ಬದಲಿಸಿತ್ತು. ಅದೇನು ಸಾಮಾನ್ಯ ಏಡಿಯೇ? ಹೊರಕವಚವನ್ನೇ ತಿನ್ನುವ ಬ್ಯಾಕ್ಟೀರಿಯಾ ಹತ್ತಿ ಬೆನ್ನ ತುಂಬ ಕಪ್ಪು ಕಲೆ! ಆ ಕಲೆ ತೋರಿಸಿಯೇ ರಾಯರು ಸೋಮವಾರ ತಮ್ಮ ಜೀವನದ ಮೊದಲ ಉಪನ್ಯಾಸ ಕೊಡಬೇಕು. "ಏಡಿ ಜೀವಂತ ಇರಬೇಕು, ಕಲೆ ಎದ್ದು ಕಾಣಬೇಕು" ಎಂದು ಮೇಲಧಿಕಾರಿ ಮೇಡಂ ಕಟ್ಟಪ್ಪಣೆ ಮಾಡಿದ್ದರು.

"ನನ್ನ ಬೆನ್ನಿಗೆ ಬೆವರುಸಾಲೆ ಆದಾಗ ಒಂದ್ಸಲ ಕಣ್ಣೆತ್ತಿ ನೋಡಿದ್ರಾ?" ಎಂದು ಹೆಂಡತಿ ಗೊಣಗಿದಳು.

"ಹೋಗ್ಲಿ ಬಿಡೇ, ಅಳಿಯಂದ್ರಿಗೆ ಬೆನ್ನು ಅಂದ್ರೆ ಏಡೀದೇ" ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜಲು ಹೋದ ರಾಯರು ಟಬ್ಬಿನೊಳಗೆ ಇಣುಕಿದರು. ಏಡಿ ಅಲ್ಲಾಡುತ್ತಿಲ್ಲ! ಎತ್ತಿದರೆ ಹತ್ತಿಯಷ್ಟು ಹಗುರ. ಹಿಂಬದಿಯಲ್ಲೊಂದು ಬಿರುಕು. ಒಳಗೆ ಮಾಂಸವಿಲ್ಲ, ಮಣ್ಣಿಲ್ಲ, ಬಟಾಬಯಲು!

ಅಳಬೇಕಾಗಿದ್ದ ರಾಯರ ಕಣ್ಣು ಮಿಂಚಿತು. "ಒಂದೇ ರಾತ್ರೀಲಿ ಇಡೀ ಏಡೀನ ಗುಡಿಸಿ ಹಾಕಿರೋ ಬ್ಯಾಕ್ಟೀರಿಯಾ! ಲೋಕದಲ್ಲೇ ಮೊದಲು! ಯಾರೂ ಏನೂ ಮುಟ್ಟಬೇಡಿ!"

"ಅಯ್ಯೋ, ನಾನಾಗಲೇ ಆ ನೀರಲ್ಲಿ ಕೈ ಅದ್ದಿದೀನಲ್ಲಪ್ಪಾ!" ಅತ್ತೆ ತಮ್ಮ ಕೈಯನ್ನು ಬೇರೆ ಯಾರದೋ ಕೈಯಂತೆ ದೂರ ಹಿಡಿದರು. "ನನ್ನೂ ಹೀಗೇ ಖಾಲಿ ಮಾಡುತ್ತಾ?"

ರಾಯರು ಅತ್ತೆಯ ಕೈಗೆ ಮತ್ತೆ ಮತ್ತೆ ಸೋಪು ಹಚ್ಚಿಸಿದರು. ಮೇಡಂಗೆ ಫೋನು ಹಚ್ಚಿ, "ಹೊಸ ರೋಗ ಕಂಡುಹಿಡಿದೆ!" ಎಂದು ಸಾರಿದರು. ಫೋನು ಕಿವಿಯಲ್ಲಿರುವಾಗಲೇ, ರೋಗ ಮನೆಗೆಲ್ಲ ಹರಡದಿರಲೆಂದು ಬ್ಲೀಚಿಂಗ್ ಪೌಡರಿನ ಡಬ್ಬಿ ಎತ್ತಿ ಟಬ್ಬಿಗೆ ಸುರಿಯಲು ಬಗ್ಗಿದರು.

"ತಾಳ್ರೀ, ನನ್ನ ಮಗ್ಗು ಒಳಗಿದೆ!" ಹೆಂಡತಿ ನುಗ್ಗಿ, ತಳದಲ್ಲಿ ಬೋರಲು ಬಿದ್ದಿದ್ದ ಮಗ್ಗನ್ನು ಎತ್ತಿದಳು.

ಮಗ್ಗಿನಡಿ ಹೊಚ್ಚ ಹೊಸ ಏಡಿ! ಮೈ ಮೆತ್ತಗೆ, ಗಾತ್ರ ಮೊದಲಿಗಿಂತ ದೊಡ್ಡದು. ಕಡ್ಡಿಗಣ್ಣು ನಿಗುರಿಸಿ ರಾಯರನ್ನೇ ನೋಡುತ್ತಿತ್ತು. ಬೆನ್ನ ಮೇಲೆ ಹುಡುಕಿದರೂ ಒಂದು ಕಲೆಯಿಲ್ಲ!

ಹೊಲದ ಬದುವಿನಲ್ಲಿ ಹಾವಿನ ಪೊರೆ ಹೆಕ್ಕುತ್ತಾ ಬೆಳೆದ ರಾಯರಿಗೆ ಆಗ ಜ್ಞಾನೋದಯವಾಯಿತು. ಏಡಿಯೂ ಬೆಳೆಯುವಾಗ ಹಳೆಯ ಕವಚ ಕಳಚುತ್ತದೆ. ಈ ಜಾಣ ಏಡಿ ರೋಗವನ್ನೂ ಅದರ ಜೊತೆಗೇ ಕಳಚಿಟ್ಟಿತ್ತು. ಸೂಕ್ಷ್ಮದರ್ಶಕದಡಿ ಏಡಿಯ ಚೂರುಗಳನ್ನಷ್ಟೇ ನೋಡಿ ನೋಡಿ, ಇಡೀ ಏಡಿ ಏನು ಮಾಡುತ್ತದೆಂಬುದೇ ರಾಯರಿಗೆ ಮರೆತುಹೋಗಿತ್ತು!

ಫೋನಿನಲ್ಲಿ ವಿಷಯ ಕೇಳಿದ ಮೇಡಂ ನಕ್ಕು ನಕ್ಕು ಸುಸ್ತಾದರು. "ವಾಸಿಯಾದ ಏಡಿ ನಿಮ್ಮನೇಲೇ ಗಟ್ಟಿಯಾಗ್ಲಿ ಕಣ್ರೀ. ಕಲೆ ಇರೋ ಹಳೇ ಕವಚಾನ ತನ್ನಿ, ಉಪನ್ಯಾಸ ಅದರ ಮೇಲೇ ಆಗ್ಲಿ."

ಸೋಮವಾರ ಬೆಳಿಗ್ಗೆ ಹೆಂಡತಿ ಆ ಖಾಲಿ ಕವಚವನ್ನು ಡಬ್ಬಿಯಲ್ಲಿಟ್ಟು, ರಾಯರಿಗೆ ಕೊಡುತ್ತಾ ಅಂದಳು:

"ಕೂದಲೂ ಕೊಂಕದ ಹಾಗೆ ಕಾಪಾಡಿದ್ರಿ, ಇಲ್ಲ ಅನ್ನಲ್ಲ. ಏಡಿಗೆ ಹೊಸ ಮೈ, ನಿಮ್ಮ ಕೈಗೆ ಚಿಪ್ಪು!"