ಕೆರೆಯ ತಪಾಸಣೆಗೆ ಅತ್ತೆಯ ತಟ್ಟೆ

ನೀರಿನ ವಿಷಯದಲ್ಲಿ ನನಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ಬೆಳ್ತಂಗಡಿ ತಾಲೂಕಿನ ನಮ್ಮ ಪಂಚಾಯತಿಯಲ್ಲಿ ನಾನು ಪಂಪ್ ಆಪರೇಟರ್, ಊರಿಗೆ ನೀರು ಬಿಡುವವನು. ಬೆಳಿಗ್ಗೆ ನಾನು ವಾಲ್ವ್ ತಿರುಗಿಸದಿದ್ದರೆ ಪಂಚಾಯತ್ ಅಧ್ಯಕ್ಷರೂ ಹಲ್ಲುಜ್ಜುವ ಹಾಗಿಲ್ಲ! ಇಂಥವನನ್ನು, ಕೆಟ್ಟುಹೋದ ಕೆರೆಗಳನ್ನು ಪರೀಕ್ಷಿಸಿ ಸರಿಪಡಿಸುವ ತರಬೇತಿಗೆಂದು ಮೂರು ದಿನ ಮೂಡುಬಿದಿರೆಗೆ ಕಳುಹಿಸಿದಾಗ, ನಾನು ಹೋಗುತ್ತಿರುವುದು ಕಲಿಯಲಿಕ್ಕೋ ಕಲಿಸಲಿಕ್ಕೋ ಎಂಬ ಸಣ್ಣ ಸಂಶಯ ನನಗಿತ್ತು.

ಹೆಂಡತಿ ಸುನೀತಾಳಿಗೆ ಯಾವ ಸಂಶಯವೂ ಇರಲಿಲ್ಲ.

“ಸರಿಯಾಗಿ ಕಲ್ತು ಬನ್ನಿ. ಊಟ ಆದ ಮೇಲೆ ನಿದ್ದೆ ಮಾಡ್ಬೇಡಿ,” ಎಂದಳು. “ನಾನು ಆರು ವರ್ಷದಲ್ಲಿ ಈಜು ಕಲ್ತದ್ದು ನಮ್ಮ ಈ ಕೆರೆಯಲ್ಲಿ. ಮಗಳಿಗೆ ಎಂಟು ಆಯ್ತು, ಈ ನೀರಿಗೆ ಕಾಲು ಇಡ್ಲಿಕ್ಕೆ ಆಗುವುದಿಲ್ಲ. ಎಂತ ಅವಸ್ಥೆ ಇದು!”

ಮಾತು ಸುಳ್ಳಲ್ಲ. ಪೇಟೆಯ ಚರಂಡಿ ನೇರ ಬಂದು ಕೆರೆಗೆ ಸೇರುತ್ತದೆ. ಮೇಲೆ ಅಂತರಗಂಗೆಯ ಕಳೆ, ಕೆಳಗೆ ಕಪ್ಪು ನೀರು. ಮಗಳ ಕೈ ಹಿಡಿದು ಆ ದಾರಿಯಲ್ಲಿ ಹೋಗುವಾಗ ಅವಳು ಮೂಗು ಮುಚ್ಚಿಕೊಳ್ಳುತ್ತಾಳೆ. ಊರಿಗೆಲ್ಲ ನೀರು ಬಿಡುವ ಅಪ್ಪನಿಗೆ ಆಗ ನಿಜವಾಗಿಯೂ ನಾಚಿಕೆಯಾಗುತ್ತದೆ.

ತರಬೇತಿ ಕೊಡುವ ಮೇಡಂ ಬಹಳ ತಾಳ್ಮೆಯವರು. ಎರಡನೇ ದಿನ ನಮ್ಮನ್ನು ಅಲ್ಲಿನ ಒಂದು ಕೆರೆಗೆ ಕರೆದೊಯ್ದು, ಕಪ್ಪು ಬಿಳಿ ಬಣ್ಣ ಹಚ್ಚಿದ ಒಂದು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟರು. ಇದನ್ನು ನೀರಿಗೆ ಇಳಿಸುತ್ತಾ ಹೋಗಬೇಕು, ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದಂತಾಗುತ್ತದೆಯೋ ಅದನ್ನು ಬರೆದುಕೊಳ್ಳಬೇಕು. ನೀರು ಎಷ್ಟು ತಿಳಿ ಎಂದು ಅದರಿಂದ ಗೊತ್ತಾಗುತ್ತದೆ.

“ನಿಧಾನ ಬಿಡಿ,” ಎಂದರು ಮೇಡಂ.

ಬಿಡುವುದೇ ನನ್ನ ಉದ್ಯೋಗ. ಬಿಟ್ಟೆ. ಹಗ್ಗದ ತುದಿಯನ್ನೂ ಬಿಟ್ಟೆ!

ತಟ್ಟೆ ಈಗಲೂ ಅಲ್ಲೇ ಉಂಟು. ಮೇಡಂ ಸ್ವಲ್ಪ ಹೊತ್ತು ನೀರನ್ನೇ ನೋಡಿ, “ಪರವಾಗಿಲ್ಲ, ಮನೆಯ ಯಾವುದಾದರೂ ತಟ್ಟೆಗೆ ಪೇಂಟ್ ಹಚ್ಚಿ ನಿಮಗೊಂದು ಮಾಡಿಕೊಳ್ಳಿ,” ಎಂದರು. ಮೂರನೇ ದಿನ ಮಧ್ಯಾಹ್ನ ಕೋಳಿ ಸಾರಿನಲ್ಲಿ ನೆನೆದ ಕೋರಿ ರೊಟ್ಟಿಯ ಊಟ. ಆಮೇಲಿನ ಪಾಠ ನನಗೆ ಅಷ್ಟಾಗಿ ನೆನಪಿಲ್ಲ. “ಪರೀಕ್ಷೆಗೆ ಮೊದಲು ಕೆರೆಯನ್ನು...” ಎಂಬಲ್ಲಿಯವರೆಗೆ ಎಚ್ಚರವಿದ್ದೆ. ಮುಂದೆ ಎಚ್ಚರವಾದದ್ದು ಚಾ ಬಂದಾಗ. ಅಷ್ಟರಲ್ಲಿ ಮೇಡಂ ಕೊನೆಯ ವಿಷಯಕ್ಕೆ ಬಂದಿದ್ದರು: ಗುರುವಾರ ಅವರೇ ನಮ್ಮ ಊರಿಗೆ ಬಂದು ನನ್ನಿಂದ ಕೆರೆಯ ಪರೀಕ್ಷೆ ಮಾಡಿಸುತ್ತಾರೆ. ತಾಲೂಕಿನಲ್ಲಿ ಯಾವ ಕೆರೆ ಹೆಚ್ಚು ಕೆಟ್ಟಿದೆಯೋ ಅದನ್ನು ಮೊದಲು ಸರಿಪಡಿಸಲು ಆರಿಸುತ್ತಾರೆ. ಒಂದೇ ಕೆರೆ!

ಮೇಲಿನಿಂದ ಯಾರಾದರೂ ಬರುತ್ತಾರೆ ಎಂದರೆ ನಮ್ಮ ಪಂಚಾಯತಿಯಲ್ಲಿ ಏನಾಗುತ್ತದೆ ಎಂದು ಹೇಳಬೇಕೇ? ಗುಡಿಸುತ್ತೇವೆ. ಸುಣ್ಣ ಬಳಿಯುತ್ತೇವೆ. ಒಮ್ಮೆ ಒಬ್ಬ ಅಧಿಕಾರಿ ಬರುತ್ತಾರೆಂದು ಕಚೇರಿಯ ಮುಂದಿನ ತೆಂಗಿನ ಮರಕ್ಕೂ ಸುಣ್ಣ ಹೊಡೆದಿದ್ದೆವು. ಈ ಸಂಸ್ಕಾರ ನನ್ನ ರಕ್ತದಲ್ಲಿಯೇ ಹರಿಯುತ್ತಿದೆ. ಭಾನುವಾರ ಶ್ರಮದಾನ ಕರೆದು ಮೆಟ್ಟಿಲ ಬದಿಯ ಅಂತರಗಂಗೆಯನ್ನೆಲ್ಲ ಎಳೆಸಿದೆ. ಚರಂಡಿಯ ಬಾಯಿಗೆ ಮರಳಿನ ಚೀಲ ಒಟ್ಟಿದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಮೇಡಂ ನಿಲ್ಲುವ ಮೆಟ್ಟಿಲ ಬಳಿ ಧಾರಾಳವಾಗಿ ಎರಚಿದೆ.

ಕೆರೆಯ ಪಕ್ಕದಲ್ಲಿ ಚಾದಂಗಡಿ ಇಟ್ಟಿರುವ ಹಮೀದ್ ಎಲ್ಲವನ್ನೂ ನೋಡುತ್ತಿದ್ದ.

“ದಿನೇಶಣ್ಣ, ಒಂದು ಮಾತು. ಕಾಯಿಲೆಯವನನ್ನು ಮೀಸಿ, ಪೌಡರ್ ಹಾಕಿ ಕೂರಿಸಿದ್ರೆ ಡಾಕ್ಟ್ರು ಮದ್ದು ಕೊಡ್ತಾರಾ?”

“ನೀನು ತರಬೇತಿಗೆ ಬಂದಿದ್ದೀಯಾ ಮಾರಾಯ?” ಎಂದು ಕೇಳಿದೆ.

“ಇಲ್ಲ.”

“ಹಾಗಾದ್ರೆ ಚಾ ಮಾಡು.”

ಇಷ್ಟಾದರೂ ನೀರಿನ ಕಪ್ಪು ಪೂರ್ತಿ ಹೋಗಲಿಲ್ಲ. ಆಗ ಹೊಳೆಯಿತು ನನ್ನ ಜೀವಮಾನದ ಮಹಾ ಉಪಾಯ! ಬೇಸಗೆಯಾದ್ದರಿಂದ ಆ ಬದಿಯಲ್ಲಿದ್ದದ್ದು ಸೊಂಟದುದ್ದ ನೀರು. ಮೆಟ್ಟಿಲ ಎರಡೂ ಕಡೆ ಚೀಲ ಒಟ್ಟಿ ಅಡ್ಡ ಕಟ್ಟಿ, ಒಳಗಿನ ಕಪ್ಪು ನೀರನ್ನು ಪಂಪ್ ಇಟ್ಟು ಆಚೆಗೆ ಹಾಕಿದೆ. ಊರಿನ ಟ್ಯಾಂಕಿ ತೊಳೆಯುವಾಗ ನೀರು ಬಿಡುವ ಪೈಪು ಕೆರೆಯ ದಡಕ್ಕೇ ಬರುತ್ತದೆ. ಮಂಗಳವಾರ, ಬುಧವಾರ ಎರಡು ದಿನ ಊರಿನ ನೀರನ್ನೆಲ್ಲ ಆ ಕಟ್ಟದೊಳಗೆ ಬಿಟ್ಟೆ.

“ನಳ್ಳಿಯಲ್ಲಿ ನೀರಿಲ್ಲ, ಎಂತ ಕತೆ?” ಎಂದು ಸುನೀತಾ ಕೇಳಿದಳು.

“ಮೋಟರ್ ಕೆಟ್ಟಿದೆ. ಬಂಟ್ವಾಳದಿಂದ ಪಾರ್ಟ್ ಬರ್ಬೇಕು,” ಎಂದೆ. ಊರಿಡೀ ಬಂಟ್ವಾಳಕ್ಕೆ ಶಾಪ ಹಾಕಿತು.

ಗುರುವಾರ ಬೆಳಿಗ್ಗೆ ನೆನಪಾಯಿತು, ತಟ್ಟೆ! ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ದೊಡ್ಡ ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ಹಚ್ಚಿದೆ. ಅವಸರದಲ್ಲಿ ಅಂಚಿಗೆ ಬಣ್ಣ ತಾಗಲಿಲ್ಲ.

ಹತ್ತು ಗಂಟೆಗೆ ಮೇಡಂ ಬಂದರು. ಊರಿನವರೆಲ್ಲ ಸೇರಿದ್ದರು, ಸುನೀತಾ ಮಗಳೊಂದಿಗೆ ಮುಂದೆಯೇ ನಿಂತಿದ್ದಳು. ಮೂಡುಬಿದಿರೆಯ ಅವಮಾನ ನೆನಪಿದ್ದುದರಿಂದ ಹಗ್ಗದ ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಗಂಭೀರವಾಗಿ ತಟ್ಟೆಯನ್ನು ಇಳಿಸಿದೆ. ತಟ್ಟೆ ತಳ ಮುಟ್ಟಿತು. ಕಣ್ಣಿಗೆ ಕಾಣದಂತಾಗುವ ಪ್ರಶ್ನೆಯೇ ಇಲ್ಲ, ಫಳಫಳ ಹೊಳೆಯುತ್ತಿತ್ತು!

ಮೇಡಂ ಬಗ್ಗಿ ನೋಡಿದರು. “ಅಂಚಿನಲ್ಲಿ ಏನೋ ಬರೆದಿದೆಯಲ್ಲ... ‘ಲೀಲಾವತಿ’?”

ಲೀಲಾವತಿ ನನ್ನ ಅತ್ತೆ, ಸುನೀತಾಳ ಅಮ್ಮ. ಮಗಳ ಮದುವೆಗೆ ತಮ್ಮ ಹೆಸರು ಕೆತ್ತಿಸಿ ಕೊಟ್ಟ ತಟ್ಟೆ ಅದು. ನಾನು ಸುನೀತಾಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

“ಇಷ್ಟು ತಿಳಿನೀರಿನ ಕೆರೆಯನ್ನು ನಾನು ಜಿಲ್ಲೆಯಲ್ಲೇ ನೋಡಿಲ್ಲ,” ಎಂದು ಮೇಡಂ ಪೆನ್ನು ತೆಗೆದರು. “ಅಭಿನಂದನೆಗಳು! ಇದಕ್ಕೆ ನಮ್ಮ ಸಹಾಯ ಏನೂ ಬೇಡ.”

ಚಪ್ಪಾಳೆ ಬಿತ್ತು. ನಾನೂ ಕೈ ಮುಗಿದೆ. ಮುಗಿದ ಮೇಲೆ ಅರ್ಥವಾಯಿತು, ಸಹಾಯ ಬೇಡ ಎಂದರೆ ನಮ್ಮ ಕೆರೆ ಹೀಗೆಯೇ ಉಳಿಯುತ್ತದೆ. ಮಗಳ ಮುಖ ನೋಡಿದೆ.

“ಮೇಡಂ, ಬರೀಬೇಡಿ! ಇದು ಕೆರೆ ನೀರಲ್ಲ! ನಳ್ಳಿ ನೀರು!”

ಚಪ್ಪಾಳೆ ನಿಂತಿತು. ಎರಡು ದಿನ ಮೀಯದ ಊರು ನನ್ನನ್ನೇ ನೋಡಿತು. “ಓಹೋ, ಇದಾ ಬಂಟ್ವಾಳದ ಪಾರ್ಟ್!” ಎಂದ ಹಮೀದ್.

ಮೇಡಂ ತಣ್ಣಗೆ ಕೇಳಿದರು, “ಕೆರೆಯನ್ನು ಇದ್ದ ಹಾಗೆಯೇ ಪರೀಕ್ಷಿಸಬೇಕು, ಪರೀಕ್ಷೆಗೆ ಮೊದಲು ಮುಟ್ಟಬಾರದು ಎಂದು ಮೂರನೇ ದಿನ ಹೇಳಿದ್ದೆನಲ್ಲ?”

ಕೋರಿ ರೊಟ್ಟಿಯ ವಿಷಯ ಹೇಳುವ ಸಂದರ್ಭ ಅದಾಗಿರಲಿಲ್ಲ. “ನಿಜವಾದ ನೀರು ತೋರಿಸ್ತೇನೆ ಮೇಡಂ!” ಎಂದು ಚರಂಡಿಯ ಬಾಯಿಗೆ ಓಡಿ ಮೇಲಿನ ಚೀಲವನ್ನು ಎಳೆದೆ. ಒಂದೇ ಚೀಲ. ಆದರೆ ಅದರ ಹಿಂದೆ ಪೇಟೆಯ ನಾಲ್ಕು ದಿನದ ಕೊಳೆ ಕಾದು ನಿಂತಿತ್ತು! ಎಲ್ಲ ಚೀಲಗಳೂ, ಎಲ್ಲ ಕೊಳೆಯೂ, ನಾನೂ ಒಟ್ಟಿಗೇ ಕೆರೆಗೆ ಬಿದ್ದೆವು.

ಎದ್ದು ನಿಂತಾಗ ತಲೆಯಿಂದ ಪಾದದವರೆಗೆ ಕಪ್ಪು. ಮೇಡಂ ಮೂಗಿಗೆ ಕರ್ಚೀಫು ಹಿಡಿದು ಹತ್ತಿರ ಬಂದು, ನನ್ನ ಅಂಗಿಯ ತೋಳನ್ನೇ ಹಿಂಡಿ ಬಾಟಲಿ ತುಂಬಿಸಿಕೊಂಡರು.

“ಸರ್ವನಾಶವಾದ ನೀರು,” ಎಂದರು. ಜೀವನದಲ್ಲಿ ಯಾವ ಹೊಗಳಿಕೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಆಮೇಲೆ ಅವರೇ ಕೆರೆಯ ನಡುವಿನಿಂದಲೂ ನೀರು ತೆಗೆದು ಪರೀಕ್ಷಿಸಿದರು. ನಮ್ಮ ಕೆರೆ ಆಯ್ಕೆಯಾಯಿತು! ಚರಂಡಿಯನ್ನು ತಿರುಗಿಸುವ ಕೆಲಸ ಈಗ ಶುರುವಾಗಿದೆ. ನನ್ನ ಹೆಸರಿನ ಮುಂದೆ ಮಾತ್ರ “ಮತ್ತೊಮ್ಮೆ ತರಬೇತಿ ಅಗತ್ಯ” ಎಂದು ಬರೆದು ಹೋಗಿದ್ದಾರೆ.

ತಟ್ಟೆಯ ಪೇಂಟನ್ನು ತೆಂಗಿನ ನಾರು, ಬೂದಿ ಹಾಕಿ ಎರಡು ದಿನ ಉಜ್ಜಿದವನು ನಾನೇ. ಬಣ್ಣ ಹೋಯಿತು, ಸುನೀತಾಳ ಸಿಟ್ಟು ಹೋಗಲಿಲ್ಲ.

“ಮಗಳು ಆ ದಡದಿಂದ ಈ ದಡಕ್ಕೆ ಈಜುವವರೆಗೆ ನಿಮಗೆ ಊಟ ಇದರಲ್ಲೇ,” ಎಂದಳು.

ನಿನ್ನೆ ಆ ತಟ್ಟೆಯಲ್ಲಿ ಅನ್ನಕ್ಕೆ ಸಾರು ಬಡಿಸಿದಳು. ಅಂಚಿನ ಹೆಸರೂ ಮುಳುಗುವಷ್ಟು ಸಾರು. ಆ ತಿಳಿಸಾರಿನ ಕೆಳಗೆ ಅತ್ತೆಯ ಹೆಸರು ಸ್ಪಷ್ಟವಾಗಿ ಓದಲಿಕ್ಕೆ ಬಂತು. ತರಬೇತಿ ಪಡೆದವನಾದರೂ, ನಾನು ವರದಿ ಕೊಡದೆ ಸುಮ್ಮನೆ ಊಟ ಮಾಡಿದೆ.