ರಾಮಲಿಂಗಯ್ಯನ ಹೆಬ್ಬೆರಳಿನ ಎಕ್ಸರೆ

ಮಗ್ಗದ ಕುಣಿಯಲ್ಲಿ ಕೂತು ಬರಿಗಾಲಲ್ಲಿ ಹಲಗೆ ತುಳಿಯುತ್ತಿದ್ದ ಹಿಂದೂಪುರದ ರಾಮಲಿಂಗಯ್ಯನಿಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚಳುಕ್ ಎಂದಿತು. ಆಗಿದ್ದು ಅಷ್ಟೇ. "ಅಮ್ಮಾ" ಅಂತ ಮೆಲ್ಲಗೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಾತ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟ.

ಬರುವ ಸೋಮವಾರ ಮಗಳು ಚೌಡೇಶ್ವರಿಯ ಮದುವೆ. ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು ಅನ್ನುವುದು ಅವರ ಮನೆತನದ ಪದ್ಧತಿ. ಇನ್ನೂ ಎರಡು ಗಜ ಬಾಕಿಯಿತ್ತು.

ಪಕ್ಕದ ಮನೆ ಪೆದ್ದಕ್ಕ ಓಡಿಬಂದಳು. ಹಿಂದೆಯೇ ಅವಳ ಅಣ್ಣ ಗಿರಿಯಪ್ಪ. ಕಲ್ಯಾಣದುರ್ಗದವನು, ಮುರಿದ ಮೂಳೆ ಕಟ್ಟುವುದರಲ್ಲಿ ಎತ್ತಿದ ಕೈ, ನಿನ್ನೆಯಷ್ಟೇ ತಂಗಿಮನೆಗೆ ಬಂದಿದ್ದ. ಕಣ್ಣು ಮುಚ್ಚಿ, ಬೆರಳ ಬುಡ ಒತ್ತಿ ನೋಡಿದ.

"ಇದರಡೀಲಿ ಎರಡು ಪುಟ್ಟ ಮೂಳೆ ಅವೆ ಕಣಪ್ಪ, ಹುರಿಗಡಲೆ ಗಾತ್ರ. ಅದರಲ್ಲೊಂದು ಎರಡು ಹೋಳಾಗೈತೆ. ಬಿದಿರು ದಬ್ಬೆ ಕಟ್ತೀನಿ. ನಲವತ್ತು ದಿನ ಕಾಲು ನೆಲ ಮುಟ್ಟಂಗಿಲ್ಲ."

ಬೀದಿಯೇ ಬಾಯಿ ಬಿಟ್ಟುಕೊಂಡು ನಿಂತಿತು. ಅಲ್ಲಿ ಅಂಥ ಮೂಳೆ ಇರುವುದೇ ಯಾರಿಗೂ ಗೊತ್ತಿರಲಿಲ್ಲ.

"ನಲವತ್ತು ದಿನವಾ? ಧಾರೆ ಸೀರೆ ಗತಿ ಏನಣ್ಣೋ! ತಡಿ, ದೊಡ್ಡಾಸ್ಪತ್ರೇಲಿ ತೋರಿಸ್ಕಂಡು ಬತ್ತೀನಿ" ಎಂದು ರಾಮಲಿಂಗಯ್ಯ ಕುಂಟುತ್ತ ಜಟಕಾ ಹತ್ತಿದ.

ಆಸ್ಪತ್ರೆಗೆ ಹೊಸದಾಗಿ ಎಕ್ಸರೆ ಮಿಷನ್ ಬಂದಿತ್ತು. ಸೀರೆಯ ಕತೆಯೆಲ್ಲ ಕೇಳಿಸಿಕೊಂಡ ಡಾಕ್ಟರು ಫೋಟೋವನ್ನು ಕಿಟಕಿಗೆ ಹಿಡಿದಾಗ ರಾಮಲಿಂಗಯ್ಯ ಹೆಗಲ ಟವಲ್ಲು ಕೈಗೆ ತೆಗೆದುಕೊಂಡ. ಬದುಕಿರುವಾಗಲೇ ತನ್ನ ಮೂಳೆಯನ್ನು ತಾನೇ ನೋಡುವುದೆಂದರೇನು! ಮೈಯೆಲ್ಲ ಜುಮ್ಮೆಂದಿತು. ಗಿರಿಯಪ್ಪ ಹೇಳಿದ ಹಾಗೇ ಎರಡು ಪುಟ್ಟ ಮೂಳೆ, ಒಂದು ಎರಡು ಹೋಳು. ಕಣ್ಣು ಮುಚ್ಚಿ ಕಂಡವನು ದೊಡ್ಡವನೋ, ಈ ಮಿಷನ್ನು ದೊಡ್ಡದೋ, ಅವನಿಗೆ ತಿಳಿಯಲಿಲ್ಲ.

"ಎಡಗಾಲೂ ಇಡಯ್ಯಾ" ಅಂದರು ಡಾಕ್ಟರು. ತೆಗೆದು ನೋಡಿದರೆ ಅಲ್ಲೂ ಎರಡು ಹೋಳು! ಡಾಕ್ಟರು ನಕ್ಕರು.

"ನೋವಿಲ್ಲದ ಕಾಲಲ್ಲೂ ಹೀಗೇ ಇದೆ, ನೋಡು. ಮುರಿದಿದ್ದರೆ ಅಂಚು ಒರಟಾಗಿರುತ್ತಿತ್ತು, ಇದು ನುಣ್ಣಗಿದೆ. ನಿನಗೆ ಹುಟ್ಟಿನಿಂದಲೇ ಹೀಗೆ ಕಣಪ್ಪ. ತುಳಿದು ತುಳಿದು ಊದಿಕೊಂಡಿದೆ, ಅಷ್ಟೆ. ಹತ್ತಿ ಮೆತ್ತೆ ಕಟ್ಟಿಕೋ, ಎಡಗಾಲಿಗೆ ಭಾರ ಹಾಕಿ ತುಳಿ. ಹೋಗು, ಸೀರೆ ಮುಗಿಸು."

ಎರಡೂ ಎಕ್ಸರೆಯನ್ನು ಕಂಕುಳಲ್ಲಿಟ್ಟುಕೊಂಡು, ಗೆದ್ದೆನೆಂದು ರಾಮಲಿಂಗಯ್ಯ ಬೀದಿಗೆ ಬಂದಿಳಿದ.

ಪೆದ್ದಕ್ಕ ಒಂದನ್ನು ಬಿಸಿಲಿಗೆ ಹಿಡಿದಳು, ಆಮೇಲೆ ಇನ್ನೊಂದನ್ನು. ಗಲ್ಲ ಗಲ್ಲ ಬಡಿದುಕೊಂಡಳು. "ಅಯ್ಯೋ ದೇವುಡಾ! ಎರಡು ಕಾಲೂ ಮುರಿದವಲ್ಲೋ!"

"ಅಲ್ಲ ಕಣಕ್ಕ, ಹುಟ್ಟಿದಾಗಿಂದ ಹಂಗೇ ಅಂತೆ..."

"ಯಾವ ಮಗು ಮುರಿದ ಮೂಳೇಲಿ ಹುಟ್ಟೀತ್ಲಾ? ನೀನು ಹುಟ್ಟಿದ ದಿನ ನೀರು ಕಾಯಿಸಿದೋಳು ನಾನು. ನಂಗೆ ಗೊತ್ತಿಲ್ವಾ?"

ಗಿರಿಯಪ್ಪ ಎಕ್ಸರೆಗೆ ಕೈಮುಗಿದ. "ನಲವತ್ತು ವರ್ಷ ಕೈಯಲ್ಲಿ ಕಂಡಿದ್ದನ್ನ ಇವತ್ತು ಕಣ್ಣಲ್ಲಿ ಕಂಡೆ ಕಣಪ್ಪ" ಎಂದ. "ಎಡಗಾಲಿನದು ನನಗೂ ತಿಳೀಲಿಲ್ಲ. ನೋವೇ ಇಲ್ದಂಗೆ ಮುರಿದ್ಬುಟ್ಟೈತೆ. ಅದೇ ಬಲು ಕೆಟ್ಟದ್ದು."

ರಾಮಲಿಂಗಯ್ಯ ಇನ್ನೊಮ್ಮೆ ನೋಡಿದ. ಹೋಳುಗಳು ಕಣ್ಣಾರೆ ಕಾಣುತ್ತಿದ್ದವು. ಡಾಕ್ಟರ ಮಾತು ಎಲ್ಲೋ ದೂರ ಹೋಯಿತು. ಎಡಗಾಲೂ ಸಣ್ಣಗೆ ನೋಯತೊಡಗಿತು.

"ಎರಡಕ್ಕೂ ಕಟ್ಟಿಬಿಡಣ್ಣ" ಎಂದ.

ಸಂಜೆಗೆ ಮಗ್ಗ ಸದ್ದು ಮಾಡಿತು. ದಬ್ಬೆ ಕಟ್ಟಿದ ಎರಡೂ ಕಾಲು ಚಾಚಿ ಕೂತಿದ್ದ ರಾಮಲಿಂಗಯ್ಯ ಇಣುಕಿ ನೋಡಿದರೆ, ಮದುವೆ ಹೆಣ್ಣೇ ಕುಣಿಗಿಳಿದು ತನ್ನ ಧಾರೆ ಸೀರೆ ನೇಯುತ್ತಿದ್ದಾಳೆ! ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಬನಶಂಕರಮ್ಮ ನೂಲು ಸುತ್ತುವ ರಾಟೆ ತಂದು ಅವನ ಮುಂದಿಟ್ಟಳು.

"ಕೈಗೇನೂ ಎಕ್ಸರೆ ತೆಗೆಸಿಲ್ಲವಲ್ಲ, ಸುತ್ತು."