ಪೊಟ್ಟಣದ ವಿಜ್ಞಾನಿ

ನಮ್ಮ ನೆಂಟರಿಷ್ಟರಲ್ಲಿ ಒಬ್ಬ ಮಹಾ ವಿಜ್ಞಾನಿ ಇದ್ದ. ಬಿ.ಎಸ್ಸಿ. ಪಾಸು ಮಾಡಿ ಯಲಹಂಕದ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದ ನಾನೇ ಆ ವಿಜ್ಞಾನಿ ಎಂದು ನೀವು ಊಹಿಸಿದ್ದರೆ ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಆದರೆ ಹಾಗೆ ಊಹಿಸಿದವರು ಪ್ರಪಂಚದಲ್ಲಿ ನೀವೊಬ್ಬರೇ! ನನ್ನ ಹೆಂಡತಿ, ನನ್ನ ಮಾವ, ನನ್ನ ಎಂಟು ವರ್ಷದ ಮಗಳು, ಕೊನೆಗೆ ನಮ್ಮ ಬೀದಿಗೆ ಹಾಲು ಹಾಕುವವಳು ಕೂಡ ಆ ಪದವಿಯನ್ನು ಕೊಟ್ಟಿದ್ದು ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ. ಲೋವರ್ ಸೆಕೆಂಡರಿಗೇ ಓದು ಬಿಟ್ಟು, ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ರೇಡಿಯೋ ವಾಲ್ವುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಆತನದು. ಇಂಥವನನ್ನು ವಿಜ್ಞಾನಿ ಎಂದರೆ ನನಗೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತಿತ್ತು ಸ್ವಾಮಿ, ಚೆನ್ನಾಗಿಯೇ ಉರಿಯುತ್ತಿತ್ತು.

ಆತನ ವಿಜ್ಞಾನದ ಮೂಲ ಎಲ್ಲಿತ್ತು ಗೊತ್ತೇ? ಬಾಷಾ ಸಾಹೇಬರ ದಿನಸಿ ಅಂಗಡಿಯಲ್ಲಿ! ಜಾಲಹಳ್ಳಿಯ ಕಡೆ ಇದ್ದ ವಿದೇಶಿ ಇಂಜಿನಿಯರುಗಳು ಓದಿ ಬಿಸಾಡಿದ ಇಂಗ್ಲಿಷ್ ಪತ್ರಿಕೆಗಳೆಲ್ಲ ಆ ಅಂಗಡಿಗೆ ಬಂದು, ಹಾಳೆಹಾಳೆಯೂ ಎರಡಾಗಿ ಹರಿದು, ಮೆಣಸು ಜೀರಿಗೆಯ ಪೊಟ್ಟಣಗಳಾಗುತ್ತಿದ್ದವು. ನನ್ನ ಷಡ್ಡಕ ಪೊಟ್ಟಣ ಬಿಚ್ಚಿ, ಜೀರಿಗೆಯನ್ನು ಹೆಂಡತಿಗೆ ಕೊಟ್ಟು, ಕಾಗದವನ್ನು ತಾನಿಟ್ಟುಕೊಳ್ಳುತ್ತಿದ್ದ. ಡಿಕ್ಷನರಿ ತೆರೆದು ಒಂದೊಂದೇ ಪದ ಬಿಡಿಸಿ ಓದುತ್ತಿದ್ದ. ಹೆಚ್ಚು ಕಾಗದ ಸಿಗಲೆಂದು ಒಂದು ಸೇರು ಕಡಲೆಬೇಳೆಯನ್ನು ಎಂಟು ಪೊಟ್ಟಣ ಕಟ್ಟಿಸುತ್ತಿದ್ದ! ತೊಂದರೆ ಒಂದೇ: ಹಾಳೆ ಯಾವಾಗಲೂ ಅರ್ಧ. ಸಂಶೋಧನೆ ಕುತೂಹಲದ ಘಟ್ಟಕ್ಕೆ ಬಂದ ಕೂಡಲೇ ಕಾಗದ ಮುಗಿದುಹೋಗುತ್ತಿತ್ತು. ಆಗ ಭಾನುವಾರ ಸೈಕಲ್ ಹತ್ತಿ ಯಲಹಂಕಕ್ಕೆ ಬಂದು, ಎಣ್ಣೆ ಹತ್ತಿದ ಆ ಚೂರನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದ.

"ಮೇಷ್ಟ್ರೇ, ಮುಂದೇನು?"

"ಹಾಳೆ ಹರ್ದಿದೆ ಕಣ್ರೀ. ನಾನೇನ್ ಹೇಳ್ಲಿ?"

"ಹೋಗ್ಲಿ ಬಿಡಿ, ನಾನೇ ಮಾಡಿ ನೋಡ್ತೀನಿ."

ಆತನ ಪ್ರಯೋಗಗಳೆಲ್ಲ ಹುಟ್ಟಿದ್ದು ಹೀಗೆ. ಮುಂದೇನು ಎಂಬುದು ನನಗಾದರೂ ಗೊತ್ತಿತ್ತೇ ಎಂದು ಮಾತ್ರ ದಯವಿಟ್ಟು ಈಗಲೇ ಕೇಳಬೇಡಿ.

ಮೊದಲು ಜೀವಶಾಸ್ತ್ರದ ಕಥೆ. ಒಂದು ಸಲ ಇಂಗಿನ ಪೊಟ್ಟಣದಲ್ಲಿ, ಜೇನುಹುಳುಗಳು ಗೂಡಿಗೆ ಬಂದು ಕುಣಿಯುತ್ತವೆ, ಆ ಕುಣಿತದಿಂದಲೇ ಒಂದಕ್ಕೊಂದು ಸುದ್ದಿ ಹೇಳುತ್ತವೆ ಎಂದು ಬಂದಿತ್ತು. ಏನು ಸುದ್ದಿ? ಅಲ್ಲಿಗೆ ಹಾಳೆ ಖಲಾಸ್! ನಾನು ಎಂದಿನಂತೆ ಕೈ ಕೊಡವಿದೆ. ಆತ ನೇರವಾಗಿ ಅಲ್ಲಾಳಸಂದ್ರದ ಕೆರೆಯ ಪಕ್ಕದ ಹೊಂಗೆಮರ ಹತ್ತಿ, ಗೂಡಿನಿಂದ ಒಂದು ಮೊಳ ದೂರದಲ್ಲಿ ಮುಖವಿಟ್ಟು ಕುಳಿತ. ಮಧ್ಯಾಹ್ನ ನಮ್ಮ ಮನೆಗೆ ಬಂದಾಗ ಆ ಮುಖ ಹಲಸಿನ ಹಣ್ಣಿನಷ್ಟಾಗಿತ್ತು. ಕಣ್ಣುಗಳೆಲ್ಲಿವೆ ಎಂದು ಹುಡುಕಬೇಕಿತ್ತು. ನನ್ನ ಹೆಂಡತಿ ಸುಣ್ಣ ಹಚ್ಚತೊಡಗಿದಳು. ನಾನು ಸಂತೋಷವನ್ನು ಆದಷ್ಟು ಅಡಗಿಸಿಕೊಂಡು ಕೇಳಿದೆ:

"ಏನ್ರೀ ಸುದ್ದಿ ಹೇಳಿದ್ವು ಹುಳಗಳು?"

"ಎಲ್ಲಾ ಒಟ್ಗೆ ಹೇಳಿದ್ವು ಮೇಷ್ಟ್ರೇ. ಮರ ಇಳಿ ಅಂದ್ವು!"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಗಳಂತೂ ಆತನ ತೊಡೆಯೇರಿ, "ಚಿಕ್ಕಪ್ಪ, ನೋಯ್ತಾ? ಹೆಂಗ್ ಕುಣಿದ್ವು?" ಎಂದು ಸಂಜೆಯವರೆಗೂ ಕೇಳಿದಳು. ಮನೆಯಲ್ಲಿ ಬಿ.ಎಸ್ಸಿ. ತಂದೆಯೊಬ್ಬ ಇದ್ದಾನೆ ಎಂಬುದು ಆ ಮಗುವಿಗೆ ನೆನಪೇ ಇರಲಿಲ್ಲ. ಇರುವುದಾದರೂ ಹೇಗೆ? ಅವಳು ಏನು ಕೇಳಿದರೂ "ಅದು ನಿನ್ನ ಪುಸ್ತಕದಲ್ಲಿಲ್ಲ, ಹೋಗು" ಎನ್ನುವುದು ನನ್ನ ಪದ್ಧತಿ.

ಎಲೆಕ್ಟ್ರಾನಿಕ್ಸ್ ಬಂದದ್ದು ಧನಿಯದ ಪೊಟ್ಟಣದಲ್ಲಿ. ಇನ್ನು ಮುಂದೆ ರೇಡಿಯೋಗಳು ಬಿಸಿಯಾಗುವವರೆಗೆ ಕಾಯಬೇಕಿಲ್ಲ, ತಿರುಗಿಸಿದ ತಕ್ಷಣ ಹಾಡುತ್ತವೆ, ವಾಲ್ವಿನ ಬದಲು ಅವುಗಳ ಒಳಗೆ ಕಾಳಿನಷ್ಟು ಚಿಕ್ಕದೊಂದು... ಅಷ್ಟೇ, ಹರಿದಿತ್ತು. ನಮ್ಮ ಬೀದಿಗೆಲ್ಲ ಒಂದೇ ರೇಡಿಯೋ, ಅದು ನನ್ನದು. ಅದೊಂದು ಹೆಮ್ಮೆಯಾದರೂ ನನಗೆ ಉಳಿದಿತ್ತು. ಆರು ತಿಂಗಳಿಂದ ಅದು ಗೊರಗೊರ ಎನ್ನುತ್ತಿತ್ತು, ನಿಜ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆತ ಅದರ ಬೆನ್ನು ಬಿಚ್ಚಿ, ಕರುಳನ್ನೆಲ್ಲ ಚಾಪೆಯ ಮೇಲೆ ಹರವಿದ್ದ!

"ರೀ! ಏನ್ರೀ ಇದು?"

"ಕಾಳು ಇದೆಯೇನೋ ನೋಡ್ದೆ ಮೇಷ್ಟ್ರೇ. ಇಲ್ಲ. ಜಿರಲೆ ಸಂಸಾರ ಇತ್ತು, ಮರಿಮೊಮ್ಮಕ್ಳ ಸಮೇತ. ನಾವು ಎಲೆಕ್ಟ್ರಾನಿಕ್ಸ್ ಅನ್ಕೊಂಡಿದ್ವಿ, ಇದು ಜೀವಶಾಸ್ತ್ರ!"

ತಿರುಗಿ ಜೋಡಿಸಿದ ಮೇಲೆ ಮೂರು ತಿರುಪುಗಳು ಉಳಿದವು. "ಕಂಪ್ನಿಯೋರು ಹೆಚ್ಗೆ ಹಾಕಿರ್ತಾರೆ" ಎಂದು ನನ್ನ ಅಂಗೈಗೆ ಹಾಕಿದ. ಇನ್ನು ಈ ರೇಡಿಯೋ ಹಾಡಿದ ಹಾಗೆಯೇ ಎಂದು ನಾನು ಕಾದೆ. ಹಾಳಾದದ್ದು ಗಂಟೆ ಹೊಡೆದ ಹಾಗೆ ಹಾಡಿತು! ಬೀದಿಯವರೆಲ್ಲ ಬಂದು ಆತನ ಬೆನ್ನು ತಟ್ಟಿದರು. ಕಾಫಿ ಮೊದಲು ಆತನಿಗೆ ಹೋಯಿತು. ನನಗೆ ಬಂದದ್ದು ತಳದ ಗಸಿ.

ಇಷ್ಟನ್ನೂ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಮೂರನೆಯದು. ಆತ ಸಮಾಜ ಸುಧಾರಣೆಗೆ ಇಳಿದುಬಿಟ್ಟ! ಜನರಿಗಾಗಿ ಯೋಜನೆ ಹಾಕುವವರು ಮೊದಲು ಮನೆಮನೆಗೆ ಹೋಗಿ ಅವರಿಗೇನು ಬೇಕೆಂದು ಕೇಳಬೇಕು, ಉತ್ತರ ಕೊಟ್ಟವರ ಹೆಸರನ್ನು ಗುಟ್ಟಾಗಿಡಬೇಕು, ಆಮೇಲೆ... ಎಂಬಲ್ಲಿಗೆ ಆ ಸಲದ ಬೆಲ್ಲದ ಪೊಟ್ಟಣ ಹರಿದಿತ್ತು. ಸರ್ಕಾರದವರ ಹಾಳೆಯೂ ಅಲ್ಲಿಗೇ ಹರಿದಿದ್ದಿರಬೇಕು! ಆತ ಒಂದು ನೋಟುಬುಕ್ಕು ಹಿಡಿದು ಮನೆಗೊಂದು ಪುಟದಂತೆ ಕೇಳಿ ಬರೆಯುತ್ತ ಹೊರಟ. ಅಲ್ಲಾಳಸಂದ್ರದಲ್ಲಿ ಒಬ್ಬ ಅಜ್ಜಿ, "ಇಂಗೆ ಬಿಸ್ಲಲ್ಲಿ ತಿರುಗ್ತೀಯಲ್ಲ ಮಗಾ, ಮೊದ್ಲು ನಿಂಗೇನ್ ಬೇಕು ಯೋಳು. ಮುದ್ದೆ ಐತೆ, ಉಣ್ತೀಯಾ?" ಎಂದಳಂತೆ. ಆ ಪುಟದಲ್ಲಿ ಆತ ಬರೆದದ್ದು: "ಇವರಿಗೆ ಏನೂ ಬೇಡ. ನನಗೆ ಮುದ್ದೆ ಕೊಟ್ಟರು."

ಸುತ್ತಿ ಸುತ್ತಿ ನಮ್ಮ ಮನೆಗೂ ಬಂದ. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳಗೆ, "ಅತ್ತಿಗೆ, ನಿಮಗೇನು ಬೇಕು?" ಎಂದು ಕೇಳಿದ್ದು ನನಗೆ ಕೇಳಿಸಿತು. ನನ್ನ ಹೆಂಡತಿ ಮಾತಾಡಿದಳು. ತಗ್ಗಿದ ದನಿಯಲ್ಲಿ, ನಿಲ್ಲಿಸದೆ, ಅನ್ನ ಸೀದುಹೋಗುವವರೆಗೆ ಮಾತಾಡಿದಳು! ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಬಳಿ ಅವಳು ಅಷ್ಟು ಮಾತಾಡಿದ್ದಿಲ್ಲ. ನಾನು ಹುಡುಗರಿಗೆಲ್ಲ ತಪ್ಪು ತಪ್ಪು ಅಂಕ ಹಾಕಿದೆ. ಆತ ಹೊರಬಂದ ಕೂಡಲೇ ಕೇಳಿದೆ:

"ಏನಂದ್ಲು?"

"ಹೇಳೋ ಹಾಗಿಲ್ಲ ಮೇಷ್ಟ್ರೇ. ಗುಟ್ಟು."

"ಅವಳು ನನ್ ಹೆಂಡ್ತಿ ಕಣ್ರೀ!"

"ಅದ್ಕೇ ಹೇಳಲ್ಲ" ಎಂದು ಸೈಕಲ್ ಹತ್ತಿದ.

ನನ್ನ ಹೆಂಡತಿಯ ಮನಸ್ಸಿನಲ್ಲಿದ್ದದ್ದು ಪೊಟ್ಟಣ ಓದುವ ಮನುಷ್ಯನಿಗೆ ಗೊತ್ತು, ನನಗೆ ಗೊತ್ತಿಲ್ಲ! ಅವಳನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ನಾನು ಸೋತ ಹಾಗಲ್ಲವೇ? ನಾಲ್ಕು ತಿಂಗಳು ಊಟ ರುಚಿಸಲಿಲ್ಲ. ಸೀರೆ ತಂದುಕೊಟ್ಟೆ. "ಯಾಕ್ರೀ ಈಗ?" ಎಂದು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಅದಲ್ಲ ಎಂದಾಯಿತು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನಾನೇ ಜಾಲಹಳ್ಳಿಗೆ ಹೋಗಿದ್ದೆ. ಆತನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಬಾಷಾ ಸಾಹೇಬರಲ್ಲಿ ಹುರಿಗಡಲೆ ತೆಗೆದುಕೊಂಡೆ. ಪೊಟ್ಟಣ ನೋಡುತ್ತೇನೆ, ಇಂಗ್ಲಿಷಲ್ಲ, ಕನ್ನಡ. ಷಡ್ಡಕನ ಗುಂಡಗಿನ ಅಕ್ಷರ! ನನ್ನ ನಾದಿನಿ ಹಬ್ಬಕ್ಕೆ ಮನೆ ತೊಳೆಯುವಾಗ ಆ ನೋಟುಬುಕ್ಕನ್ನೂ ಹಳೆಯ ಕಾಗದದ ಜೊತೆ ಅಂಗಡಿಗೆ ಹಾಕಿದ್ದಳಂತೆ. ಪುಟದ ತಲೆಯಲ್ಲಿ "ಯಲಹಂಕ, ಮೇಷ್ಟ್ರ ಹೆಂಡತಿ" ಎಂದಿತ್ತು. ಹೆಸರನ್ನು ಗುಟ್ಟಾಗಿಟ್ಟಿದ್ದ, ಒಪ್ಪಬೇಕಾದ್ದೇ! ಕೆಳಗೆ: "ಸೀರೆ ಬೇಡ, ಒಡವೆ ಬೇಡ. ನಮ್ಮ ಮನೆಯವರು ಒಂದೇ ಒಂದು ದಿನ ನನ್ನ ಎದುರು ಕೂತು"

ಅಲ್ಲಿಗೆ ಹಾಳೆ ಹರಿದಿತ್ತು.

ಕೂತು? ಕೂತು ಏನು ಮಾಡಬೇಕು? ಊಟವೇ? ಕ್ಷಮೆಯೇ? "ಸಾಹೇಬ್ರೇ, ಕಾಲು ಸೇರು ಜೀರಿಗೆ ಕೊಡಿ. ಹಾಂ, ಎಂಟು ಪೊಟ್ಟಣ ಕಟ್ಟಿ" ಎಂದೆ. ಆಮೇಲೆ ಸಾಸಿವೆ ಎಂಟು. ಮೆಂತ್ಯ ಎಂಟು. ಒಂದೊಂದನ್ನೂ ಅಲ್ಲೇ ಬಿಚ್ಚಿ ಓದಿದೆ. ಬಾಷಾ ಸಾಹೇಬರು ತಕ್ಕಡಿ ಕೆಳಗಿಟ್ಟರು.

"ಅರೆ ಅಲ್ಲಾ! ಮೇಷ್ಟ್ರೇ, ನಿಮಗೂ ಹತ್ಕೊಂಡ್ತಾ ಆ ಕಾಯಿಲೆ?"

ತಿರುಗಿ ನೋಡಿದರೆ ಬಾಗಿಲಲ್ಲಿ ಷಡ್ಡಕ. ಆತ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಕೈಯಲ್ಲಿದ್ದ ಅರ್ಧ ಹಾಳೆಯನ್ನು ನೋಡಿ ಮೆಲ್ಲಗೆ ಹೇಳಿದ: "ಮುಂದೇನು ಅಂತ ಗೊತ್ತಾಗ್ದೆ ಇದ್ರೆ ಹೆಂಗಾಗುತ್ತೆ ನೋಡಿ ಮೇಷ್ಟ್ರೇ. ಆದ್ರೆ ನಿಮ್ಮ ಪುಣ್ಯ, ನಿಮ್ಮ ಹಾಳೆ ಪೂರ್ತಿ ಮನೇಲೇ ಇದೆ. ಹೋಗಿ ಕೇಳಿ."

ಚೀಲದ ತುಂಬ ಸಾಸಿವೆ ಮೆಂತ್ಯ ಹೊತ್ತು ಮನೆಗೆ ಬಂದೆ. "ಏನ್ರೀ, ಯಾರ್ದಾದ್ರೂ ಮದ್ವೆ ಇದ್ಯಾ?" ಎಂದಳು ಹೆಂಡತಿ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಕೇಳಿಯೇಬಿಟ್ಟೆ: "ನಿಂಗೇನೇ ಬೇಕು?"

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ನಿಮ್ಮ ಪಾಠ ಕೇಳ್ಬೇಕು. ನೀವು ಚೆಂದ ಹೇಳ್ತೀರಿ ಅಂತ ಊರೋರೆಲ್ಲ ಅಂತಾರೆ. ನಾನೊಬ್ಳೇ ಕೇಳಿಲ್ಲ. ನಾಲ್ಕನೇ ಕ್ಲಾಸಿಗೆ ಬಿಡಿಸ್ಬಿಟ್ರಲ್ಲ ನನ್ನ" ಎಂದಳು. ಮತ್ತೆ ಸೌಟು ಕೆಳಗಿಟ್ಟು, "ಆ ಜೇನುಹುಳ ಯಾಕೆ ಕುಣಿಯುತ್ತೆ ಅಂತ ಹೇಳಿ. ಅದು ಅವರಿಗೂ ಗೊತ್ತಾಗ್ಲಿಲ್ಲ, ಪಾಪ" ಎಂದಳು.

ಈಗ ಆ ಪ್ರಶ್ನೆ ಕೇಳಬಹುದು ನೀವು. ಇಲ್ಲ, ನನಗೂ ಗೊತ್ತಿರಲಿಲ್ಲ! ಆತ ತಂದ ಒಂದು ಹಾಳೆಯ ಮುಂದಿನರ್ಧವೂ ನನಗೆ ಗೊತ್ತಿರಲಿಲ್ಲ. ಪರೀಕ್ಷೆ ಪಾಸಾದ ದಿನವೇ ನಾನು ಓದು ನಿಲ್ಲಿಸಿದ್ದೆ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಪ್ರತಿ ಸಲವೂ ಹಾಳೆಯ ಮೇಲೆ ತಪ್ಪು ಹೊರಿಸಿದ್ದೆ. ಗುರುವಾರ ಶಾಲೆಗೆ ರಜೆ ಹಾಕಿ, ಬಸ್ಸು ಹಿಡಿದು ಸಿಟಿಯ ಲೈಬ್ರರಿಗೆ ಹೋಗಿ ದಿನವಿಡೀ ಓದಿದೆ.

ಭಾನುವಾರ ನಡುಮನೆಯಲ್ಲಿ ಹೆಂಡತಿ, ಮಗಳು ಮಣೆ ಹಾಕಿಕೊಂಡು ಕುಳಿತರು. ಷಡ್ಡಕ ಬಂದು, ಏನು ನಡೆಯುತ್ತಿದೆ ಎಂದು ನೋಡಿ, ಸದ್ದಿಲ್ಲದೆ ಹಿಂದೆ ಗೋಡೆಗೊರಗಿ ಕುಳಿತ. ನಾನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಸೂರ್ಯನನ್ನು ಬರೆದೆ, ಗೂಡು ಬರೆದೆ, ಹೂವು ಬರೆದೆ. ಹೂವು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ಹುಳು ಕುಣಿದೇ ಹೇಳುತ್ತದೆ ಎಂದೆ. "ಹೆಂಗಪ್ಪಾ?" ಎಂದಳು ಮಗಳು. ಬಾಯಿಮಾತಿನಲ್ಲಿ ಹೇಳಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಸೊಂಟ ಅಲ್ಲಾಡಿಸುತ್ತ, ನಡುಮನೆಯ ತುಂಬ ಎಂಟರ ಆಕಾರದಲ್ಲಿ ನಾನೇ ಕುಣಿದೆ! ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು.

ಷಡ್ಡಕ ಮಾತ್ರ ನಗಲಿಲ್ಲ. ಜೇಬಿನಿಂದ ಇಂಗಿನ ವಾಸನೆಯ ಒಂದು ಹಳೆಯ ಚೂರು ತೆಗೆದು, ಅದನ್ನೂ ನೆಲದ ಮೇಲಿನ ಚಿತ್ರವನ್ನೂ ನೋಡಿದ. "ಇದೇ ಮೇಷ್ಟ್ರೇ ಉಳಿದರ್ಧ. ಇದೇ" ಎಂದ. "ನಿಮ್ಮನ್ ಕಂಡ್ರೆ ನಂಗೆ ಮೊದ್ಲಿಂದ ಹೊಟ್ಟೆ ಉರಿ. ನೀವು ಎಲ್ಲಾ ಪೂರ್ತಿ ಓದಿದೋರು."

ಗುರುವಾರದವರೆಗೆ ನನಗೂ ಗೊತ್ತಿರಲಿಲ್ಲ ಎಂದು ಎಲ್ಲರ ಎದುರಿಗೇ ಹೇಳಿದೆ. ಲೈಬ್ರರಿಯ ವಿಷಯವನ್ನೂ ಹೇಳಿದೆ. ಆತ ಆ ಚೂರನ್ನು ಮಡಿಸಿ ಜೇಬಿಗಿಟ್ಟು, "ಅಲ್ಲಿಗೆ ನನ್ನಂಥೋರನ್ನ ಬಿಡ್ತಾರಾ?" ಎಂದು ಕೇಳಿದ.

ಮುಂದಿನ ರಜೆಯ ದಿನ ಆತನನ್ನು ಕರೆದುಕೊಂಡು ಹೋದೆ. ತಲೆ ಬಾಚಿಕೊಂಡು, ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಮೇಜಿನ ಮೇಲೆ ಒಂದು ಪತ್ರಿಕೆ ತೆರೆದಿಟ್ಟು ಪಕ್ಕದಲ್ಲಿ ಕುಳಿತೆ. ಆತ ಓದಲು ಶುರು ಮಾಡಲಿಲ್ಲ. ಮೊದಲು ಹಾಳೆಯ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಎಲ್ಲೂ ಹರಿದಿರಲಿಲ್ಲ.